ಬ್ರೇಕ್ ಮೇಷ್ಟ್ರ ಬಲಗಾಲು

ಕಣ್ಣು ಮುಚ್ಚಿ ನಿಂತಿದ್ದ ಹದಿನಾಲ್ಕು ಜನರಲ್ಲಿ ತಾನೊಬ್ಬನೇ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದಿಟ್ಟುಕೊಂಡಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಕಾರು ಕಲಿಸುತ್ತ, ಬೇರೆಯವರ ಕಣ್ಣನ್ನು ನಂಬದಿರುವುದಕ್ಕೇ ಸಂಬಳ ತೆಗೆದುಕೊಂಡವನು. ಅಂಥವನನ್ನು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಈ ಉದ್ದನೆಯ ಹಾಲ್‌ನಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ನಿಮ್ಮ ಭಾರ ಯಾವ ಕಾಲಿನ ಮೇಲಿದೆ ಸುಮ್ಮನೆ ಗಮನಿಸಿ, ಸರಿಮಾಡಲು ಹೋಗಬೇಡಿ ಎಂದರೆ ಏನು ಮಾಡುವುದು? ಕೆಳಗಿನ ಅಂಗಡಿಯಲ್ಲಿ ಯಾರೋ ಪೈಪ್ ಕೊಯ್ಯುತ್ತಿದ್ದರು. ಆ ಕಿರುಗುಟ್ಟುವಿಕೆ ಮರದ ನೆಲದ ಮೂಲಕ ಅಂಗಾಲಿಗೆ ಏರುತ್ತಿತ್ತು. ಬೋಳುತಲೆಯ ಒಬ್ಬರು ಗಾಳಿಗೆ ಸಿಕ್ಕ ಕಂಬದ ಹಾಗೆ ಓಲಾಡುತ್ತಿದ್ದರು, ಇಬ್ಬರು ಹೆಂಗಸರು ಆಗಲೇ ಎಲ್ಲೋ ಸುಖವಾಗಿ ಹೊರಟುಹೋದ ಮುಖ ಮಾಡಿಕೊಂಡಿದ್ದರು. ಟೀಚರ್ ಸದ್ದಿಲ್ಲದೆ ನಡೆದು ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತರು. ನರೆತ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದ ಸಣ್ಣ ಹೆಂಗಸು. “ಬಲಗಾಲು ಏನ್ ಮಾಡ್ತಿದೆ?” ಎಂದು ಮೆಲ್ಲಗೆ ಕೇಳಿದರು. “ಏನಿಲ್ಲ ಮೇಡಂ, ಸುಮ್ನೆ ಇದೆ.” “ಸುಮ್ನೆ ಇಲ್ಲ. ಹೆಬ್ಬೆರಳು ಬೆಳ್ಳಗಾಗಿದೆ ನೋಡಿ. ಏನನ್ನೋ ಒತ್ತಿ ಹಿಡ್ಕೊಂಡಿದೆ.” ಸುತ್ತಲಿನ ಹದಿಮೂರು ಜನ ಕಣ್ಣು ಮುಚ್ಚಿದ್ದರೂ ಕಿವಿ ಮುಚ್ಚಿರಲಿಲ್ಲ. ಅವನ ಕುತ್ತಿಗೆ ಬಿಸಿಯಾಯಿತು. ಲೈಸೆನ್ಸ್ ಪರೀಕ್ಷೆಯಲ್ಲಿ ಬಿದ್ದ ಶಿಷ್ಯರ ಮುಖದ ಮೇಲೆ ಎಷ್ಟೋ ಸಲ ನೋಡಿದ ಕೆಂಪು ತನ್ನ ಮುಖದ ಮೇಲೂ ಬಂದಿರಬೇಕೆನಿಸಿತು.

ಒತ್ತಿ ಹಿಡಿದಿದ್ದು ಏನೆಂದು ಅವನಿಗೆ ಗೊತ್ತಿರದೆ ಏನು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ, ಅದು ಅವನದು. ಶಿಷ್ಯರು ಅವನಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಎಂಟು ತಿಂಗಳಿಂದ ಆ ಬಲಗಾಲು ಕಾರಿನಲ್ಲಿ ಇಲ್ಲದಾಗಲೂ ಒತ್ತುತ್ತಿತ್ತು: ಊಟದ ಮೇಜಿನ ಕೆಳಗೆ, ಕ್ಷೌರದ ಕುರ್ಚಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ. ಟೀವಿಯಲ್ಲಿ ಯಾರೋ ಮೆಟ್ಟಿಲಿಳಿದರೂ ಒತ್ತುತ್ತಿತ್ತು. ಹೆಂಡತಿಯ ಮೀನಖಂಡದ ಮೇಲೆ ಎರಡು ಸಲ ನೀಲಿಗಟ್ಟಿತ್ತು. “ನಿದ್ದೇಲೂ ಬ್ರೇಕ್ ಹಾಕ್ತೀರಲ್ರೀ, ನಾನೇನು ಎದುರಿಗೆ ಬರೋ ಲಾರಿನಾ?” ಎಂದು ಮೊದಲು ನಕ್ಕವಳು ಆಮೇಲೆ ನಗುವುದನ್ನು ಬಿಟ್ಟು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನರಗಳೆಲ್ಲ ಚೆನ್ನಾಗಿವೆ ಎಂದರು ಡಾಕ್ಟರು, ಅದನ್ನು ಕೇಳಿ ಅವನಿಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. ನರ ಕೆಟ್ಟಿದ್ದರೆ ಮಾತ್ರೆಯಾದರೂ ಇರುತ್ತಿತ್ತು. ಈ ತರಗತಿಯ ಚೀಟಿಯನ್ನು ತನ್ನ ಆಫೀಸಿನ ಲಿಫ್ಟಿನಲ್ಲಿ ನೋಡಿ ಬಂದವಳೂ ಅವಳೇ. ಮೈಯನ್ನು ಅರಿಯುವ ಚಲನೆ, ಕುಣಿತ ಬರಬೇಕಾಗಿಲ್ಲ, ವಯಸ್ಸಿನ ಮಿತಿಯಿಲ್ಲ ಎಂದಿತ್ತಂತೆ. “ನಾನು ಕುಣೀಬೇಕಾ ಈ ವಯಸ್ಸಲ್ಲಿ?” “ಕುಣೀತಾನೇ ಇದೀರಲ್ಲ ಒಂಟಿ ಕಾಲಲ್ಲಿ. ಅದನ್ನೇ ಸರಿಯಾಗಿ ಕಲೀರಿ.” ಮೊದಲೆರಡು ಶನಿವಾರ ಅವನು ಗೋಡೆಯ ಪಕ್ಕ ನಿಂತು ಕೈಯನ್ನು ನೀರಿನಲ್ಲಿ ಆಡಿಸಿದ ಹಾಗೆ ಆಡಿಸಿ ಮನೆಗೆ ಹೋಗಿದ್ದ. ಇದು ಮೂರನೆಯದು.

ಬಾಗಿಲು ಸರಿಯಿತು. ತಡವಾಗಿ ಬಂದವರು ಯಾರೋ ಚೀಲವನ್ನು ಮೂಲೆಯಲ್ಲಿಟ್ಟು, ಶೂ ಬಿಚ್ಚಿ, ಜಾಗ ಹುಡುಕುತ್ತಿದ್ದರು. ಅರ್ಧ ತೆರೆದ ಕಣ್ಣಿನ ಮಸುಕಿನಲ್ಲಿ ಮೊದಲು ಅವಳ ಭುಜ ಗುರುತು ಸಿಕ್ಕಿತು. ಕನ್ನಡಿ ನೋಡುವಾಗ ಎಡಭುಜವನ್ನು ಒಂಚೂರು ಮೇಲೆತ್ತುವ ಆ ಅಭ್ಯಾಸವನ್ನು ಬಿಡಿಸಲು ಅವನು ಆರು ದಿನ ಹೆಣಗಿದ್ದ. ಸೂಜಿ. ಪ್ರತಿ ಶಿಷ್ಯನಿಗೂ ಅವನು ಮನಸ್ಸಿನಲ್ಲೇ ಒಂದು ಹೆಸರಿಡುತ್ತಿದ್ದ, ಗೇರ್ ತಾತ, ಅಳುಮುಂಜಿ ಕ್ಲಚ್ಚು, ಹೀಗೆ. ಇವಳು ಸೂಜಿ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎಳೆಮಗುವಿನ ನರವನ್ನೂ ಒಂದೇ ಸಲಕ್ಕೆ ಹಿಡಿಯುತ್ತೇನೆ ಸಾರ್ ಎಂದು ಮೊದಲ ದಿನವೇ ಹೇಳಿಕೊಂಡಿದ್ದಳು. ಎರಡು ಕಾರುಗಳ ನಡುವಿನ ಜಾಗಕ್ಕೆ ಹಿಂದಕ್ಕೆ ಸರಿದು ನಿಲ್ಲಿಸುವುದನ್ನು ಅವಳಷ್ಟು ಬೇಗ ಕಲಿತವರು ಇರಲಿಲ್ಲ. ಅವಳು ಅವನನ್ನು ನೋಡಿದಳು. ಮುಖ ತಿರುಗಿಸಿಕೊಳ್ಳುತ್ತಾಳೆ ಎಂದುಕೊಂಡ, ಹಾಗಾಗಲಿ ಎಂದು ಬಯಸಿದ. ಅವಳು ಕೈ ಎತ್ತಿ ನಕ್ಕಳು. ನೆಂಟರ ಮನೆಯ ಜನಜಂಗುಳಿಯಲ್ಲಿ ಒಂದು ಪರಿಚಿತ ಮುಖ ಸಿಕ್ಕವರ ಹಾಗೆ. ಅವನು ಎರಡೂ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕೂಡಲೇ ಎದುರಿಗೆ ಎಂಟು ತಿಂಗಳ ಹಿಂದಿನ ಆ ಬೀದಿ.

ಆ ಬೀದಿಯಲ್ಲಿ ಬೆಳಗಿನ ಹತ್ತು ಇಪ್ಪತ್ತು, ಎಡಕ್ಕೆ ಒಂದು ಉದ್ದ ಗೋಡೆ, ಗೋಡೆ ಮುಗಿದಲ್ಲಿ ಒಂದು ಸಂದಿ. ಸ್ಟೀರಿಂಗ್ ಹಿಡಿದವಳು ಅವಳು, ಪಕ್ಕದಲ್ಲಿ ಅವನು. ಆದರೆ ಮನಸ್ಸಿನಲ್ಲಿ ಅವನು ಅಲ್ಲಿರಲಿಲ್ಲ. ತಮ್ಮನ ಮನೆಯ ಊಟದ ಮೇಜಿನ ಮುಂದೆ ಕೂತಿದ್ದ. ಹಿಂದಿನ ಭಾನುವಾರ ಎಲ್ಲರೂ ಸೇರಿದ್ದಾಗ ತಮ್ಮ ಯಾರಿಗೋ ಅವನನ್ನು ಪರಿಚಯಿಸುತ್ತ, “ನಮ್ಮಣ್ಣ ಪಕ್ಕದ ಸೀಟಲ್ಲೇ ಕೂತು ಆಯಸ್ಸು ಕಳೆದುಬಿಟ್ಟ” ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ, ಹೆಂಡತಿ ಮಾತ್ರ ತಟ್ಟೆ ನೋಡುತ್ತ ಕೂತಿದ್ದಳು. ನಾಲ್ಕು ದಿನದಿಂದ ಅವನು ಆ ಮಾತಿಗೆ ಉತ್ತರ ಕಟ್ಟುತ್ತಿದ್ದ. ಅಂದು ಬೆಳಿಗ್ಗೆ ಅದು ಒದಗಿ ಬಂದಿತ್ತು, ವಾಕ್ಯದ ಮೇಲೆ ವಾಕ್ಯ, ಒಂದಕ್ಕಿಂತ ಒಂದು ಮೊನಚು. ತಮ್ಮನ ಮುಖ ಇಳಿಯುತ್ತಿತ್ತು, ನಕ್ಕವರೆಲ್ಲ ಈಗ ತಲೆ ತಗ್ಗಿಸಿದ್ದರು, ಇನ್ನು ಕೊನೆಯ ಒಂದು ಮಾತು ಆಡುವುದಿತ್ತು. ಆಗ ಆ ಸದ್ದು. ದೊಡ್ಡದೇನಲ್ಲ, ಹೆಬ್ಬಾಗಿಲನ್ನು ಯಾರೋ ಮೊಣಕೈಯಿಂದ ತಳ್ಳಿದಷ್ಟು. ಸಂದಿಯಿಂದ ಸೈಕಲ್ಲಿನಲ್ಲಿ ಬಂದ ಮುದುಕ, ಪುಸ್ತಕ ಬೈಂಡ್ ಮಾಡುವವರು ಎಂದು ಆಮೇಲೆ ತಿಳಿಯಿತು, ಮಂಡಿ ಹಿಡಿದುಕೊಂಡು ರಸ್ತೆಯ ಮೇಲೆ ಬಿದ್ದಿದ್ದರು. ಹೊಲಿಯದ ಹಾಳೆಗಳು ಗಾಳಿಗೆ ಎದ್ದು ಎದ್ದು ಕಾರಿನ ಗಾಜಿಗೆ ಅಂಟುತ್ತಿದ್ದವು. ಕಾರು ಫುಟ್‌ಪಾತಿನ ಮೇಲೆ ಮುಂದಿನ ಚಕ್ರ ಹತ್ತಿಸಿ ತನ್ನಷ್ಟಕ್ಕೆ ತಾನೇ ಉಸಿರು ಕಟ್ಟಿ ನಿಂತಿತ್ತು. ಎಲ್ಲವೂ ನಿಂತ ಮೇಲೆ, ಅಷ್ಟು ಹೊತ್ತಾದ ಮೇಲೆ, ಅವನ ಕಾಲು ಬ್ರೇಕನ್ನು ಹುಡುಕಿ ಒತ್ತಿತು. ಒತ್ತಿ ಹಿಡಿದೇ ಇತ್ತು. ಅವಳು ನಡುಗುತ್ತ ಕೆಳಗೆ ನೋಡಿದಾಗ ಕಂಡಿದ್ದು ಆ ಕಾಲು. “ಸಾರ್, ನೀವು ಬ್ರೇಕ್ ಹಾಕಿದ್ರಿ, ನೀವು ಹಾಕಿದ್ರಿ” ಎಂದು ಅವಳು ಅಳುತ್ತ ಹೇಳುತ್ತಲೇ ಇದ್ದಳು. ಸಂಜೆ ಡ್ರೈವಿಂಗ್ ಸ್ಕೂಲಿನ ಯಜಮಾನರು ಬಾಗಿಲು ಮುಂದೆ ಮಾಡಿ ಕೇಳಿದರು, “ಮೇಷ್ಟ್ರೇ, ನೀವು ಬ್ರೇಕ್ ಹಾಕಿದ್ರಿ ತಾನೆ?” “ಹಾಕಿದೆ” ಎಂದ. ಅದು ಸುಳ್ಳಲ್ಲ. ಎಂಟು ತಿಂಗಳಿಂದ ಅವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ್ದ, ಯಾವ ಕಡೆಯಿಂದ ನೋಡಿದರೂ ಅದು ಸುಳ್ಳಲ್ಲ. ಹಾಕಿದ್ದು ನಿಜ.

“ಈಗ ಇಬ್ಬಿಬ್ಬರು ಆಗಿ” ಎಂದರು ಟೀಚರ್. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರ ಅಂಗೈ ಮೇಲೆ ಅಂಗೈ ಇಡಬೇಕು, ಅವರು ಕರೆದುಕೊಂಡು ಹೋದ ಕಡೆ ಹೋಗಬೇಕು. ಮಾತು ಬೇಡ. ಅವನು ಬೋಳುತಲೆಯವರ ಕಡೆ ಆತುರದಿಂದ ಎರಡು ಹೆಜ್ಜೆ ಇಟ್ಟ, ಅವರು ಆಗಲೇ ಯಾರದೋ ಕೈ ಹಿಡಿದಿದ್ದರು. ಅವಳು ಎದುರಿಗೆ ಬಂದು ನಿಂತಿದ್ದಳು. “ಸಾರ್, ನೀವಿಲ್ಲಿ! ನಂಗೆ ಎಷ್ಟು ಧೈರ್ಯ ಬಂತು ಗೊತ್ತಾ ನಿಮ್ಮನ್ನ ನೋಡಿ.” ಮಾತು ಬೇಡವೆಂದಿದ್ದರೂ ಅವಳು ಪಿಸುಗುಟ್ಟಿದಳು. ಅವಳನ್ನು ಇಲ್ಲಿಗೆ ಡಾಕ್ಟರು ಕಳಿಸಿದ್ದಾರೆ. ಆವತ್ತಿನಿಂದ ಕೈ ನಡುಗುತ್ತದೆ. ಒಬ್ಬ ಹೆಂಗಸಿಗೆ ನಾಲ್ಕು ಸಲ ಚುಚ್ಚಿ, ಆಕೆ ಕಿರುಚಾಡಿ, ಈಗ ಅವಳನ್ನು ಹೆಸರು ಬರೆದುಕೊಳ್ಳುವ ಕೌಂಟರಿಗೆ ಕೂರಿಸಿದ್ದಾರೆ. ಸ್ಟೀರಿಂಗ್ ಮುಟ್ಟಿಲ್ಲ. ಪ್ರತಿ ಭಾನುವಾರ ಬೈಂಡರ್ ಮನೆಗೆ ಹೋಗಿ ಬರುತ್ತಾಳೆ. “ಅವರ ಹತ್ರ ಯಾವಾಗ್ಲೂ ಹೇಳ್ತೀನಿ ಸಾರ್, ನಮ್ಮ ಮೇಷ್ಟ್ರು ಇಲ್ದಿದ್ರೆ ನೀವೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ ಅಂತ.” ಹೇಳಿ ಕಣ್ಣು ಮುಚ್ಚಿದಳು. ಪೂರ್ತಿ ಮುಚ್ಚಿದಳು. ರೆಪ್ಪೆ ಒಂಚೂರೂ ಅದುರಲಿಲ್ಲ. ಅವನ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು. ಅದು ನಡುಗುತ್ತಿತ್ತು, ಕಾಣುವಷ್ಟಲ್ಲ. ಎಂಜಿನ್ ಆನ್ ಮಾಡಿ ನಿಲ್ಲಿಸಿದ ಕಾರಿನ ಬಾನೆಟ್ ಮುಟ್ಟಿದಷ್ಟು.

ಯಾವುದೋ ತಂತಿವಾದ್ಯದ ಸಂಗೀತ ಹಾಕಿದರು. ಅವನು ಅವಳನ್ನು ನಡೆಸಿದ. ಎಡಕ್ಕೆ ಬಾಗಿದರೆ ಎಡಕ್ಕೆ ಬಂದಳು, ಕೈ ಎತ್ತಿದರೆ ಅವಳ ಮೈಯೆಲ್ಲ ಆ ಕೈಯ ಹಿಂದೆ ಎದ್ದಿತು. ಇಷ್ಟು ಹಗುರವಾದ ಶಿಷ್ಯರನ್ನು ಅವನು ಕಂಡಿರಲಿಲ್ಲ. ಒಂದು ಸುತ್ತು ಬಂದ ಮೇಲೆ ಅವಳು ತಾನಾಗಿಯೇ ಸೊಂಟವನ್ನು ಸಣ್ಣಗೆ ತೂಗತೊಡಗಿದಳು, ಅವಳ ಬಾಯಿಯ ಮೂಲೆಯಲ್ಲಿ ನಗುವಿನಂಥದ್ದು ಏನೋ ಹುಟ್ಟುತ್ತಿತ್ತು. ಹೇಳಿಬಿಡಬೇಕು ಎನಿಸಿತು ಅವನಿಗೆ. ಈಗಲ್ಲ, ತರಗತಿ ಮುಗಿದ ಮೇಲೆ, ಮೆಟ್ಟಿಲ ಹತ್ತಿರ ಕರೆದು. ನೋಡಿ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಇಲ್ಲ, ಅದು ಹಣ ಕೇಳುವವರ ಹಾಗಾಗುತ್ತದೆ. ಮನುಷ್ಯ ಅಂದಮೇಲೆ ಒಂದು ಕ್ಷಣ ಗಮನ ತಪ್ಪೋದು ಸಹಜ. ಛೆ, ಅದು ತಪ್ಪಿಸಿಕೊಳ್ಳುವ ಮಾತು. ನನ್ನಿಂದ ನಿಮಗೆ ದೊಡ್ಡ ಅನ್ಯಾಯ ಆಗಿದೆ. ಹೌದು, ಇದು ಸರಿ, ಇದರಿಂದಲೇ ಆರಂಭಿಸಬೇಕು. ಆಮೇಲೆ ಅವಳು ಅಳುತ್ತಾಳೆ, ಆಮೇಲೆ ತಾನು ಹೇಳುತ್ತೇನೆ, ಈ ಎಂಟು ತಿಂಗಳು ನಾನೂ ಮಲಗಿಲ್ಲ, ನೀವು ಏನು ಬೇಕಾದರೂ ಅನ್ನಿ. ಅವಳು ಕಣ್ಣೊರೆಸಿಕೊಂಡು, ಹೇಳಿದಿರಲ್ಲ ಸಾರ್, ಅದೇ ದೊಡ್ಡದು, ಎನ್ನುತ್ತಾಳೆ. ಹೇಳಿಯೇ ಬಿಟ್ಟವನ ಹಾಗೆ ಅವನಿಗೆ ಆಗಲೇ ಎದೆ ಹಗುರವಾಗುತ್ತಿತ್ತು, ಕಣ್ಣಂಚು ಒದ್ದೆಯಾಗುತ್ತಿತ್ತು.

ಧಪ್ ಎಂದಿತು. ಹಾಲ್‌ನ ನಡುವಿನ ಕಂಬಕ್ಕೆ ಅವಳ ಹಣೆ ಬಡಿದಿತ್ತು. ಸಂಗೀತ ನಡೆಯುತ್ತಲೇ ಇತ್ತು. ಅವಳು ಹಣೆ ಹಿಡಿದುಕೊಂಡು, ಇನ್ನೂ ಕಣ್ಣು ಮುಚ್ಚಿಕೊಂಡೇ, “ಸಾರಿ ಸಾರ್, ಸಾರಿ, ನಾನೇ ಸರಿಯಾಗಿ ನಿಮ್ಮ ಹಿಂದೆ ಬರ್ಲಿಲ್ಲ” ಎಂದಳು.

ಆ ಕ್ಷಣ ಅವನಿಗೆ ಆದದ್ದನ್ನು ನಾಚಿಕೆ ಎಂದರೆ ಸಾಲದು. ಕಟ್ಟಿಟ್ಟ ವಾಕ್ಯಗಳು ಒಂದೂ ಉಳಿಯಲಿಲ್ಲ. ಟೀಚರ್ ಓಡಿ ಬಂದರು, ಬೋಳುತಲೆಯವರು ನೀರಿನ ಬಾಟಲಿ ಚಾಚಿದರು, ಅವಳು ಎಲ್ಲರಿಗೂ ಏನಾಗಿಲ್ಲ ಏನಾಗಿಲ್ಲ ಎನ್ನುತ್ತಿದ್ದಳು. ಹಣೆಯ ಮೇಲೆ ನಾಣ್ಯದಗಲದ ಕೆಂಪು. “ಸ್ವಲ್ಪ ಹೊರಗೆ ಗಾಳಿಗೆ ಕೂತ್ಕೊಳ್ಳಿ” ಎಂದು ಟೀಚರ್ ಅವಳನ್ನು ಮೆಟ್ಟಿಲ ಕಡೆಗೆ ಕಳಿಸಿದರು. ಅವನೂ ಹಿಂದೆ ಹೋದ. ಮೆಟ್ಟಿಲು ಇಕ್ಕಟ್ಟಾಗಿತ್ತು, ಕೆಳಗಿನ ಅಂಗಡಿಯ ಪೇಂಟಿನ ವಾಸನೆ ಅಲ್ಲಿ ದಟ್ಟವಾಗಿತ್ತು. ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತ.

“ನಾನು ಬ್ರೇಕ್ ಹಾಕ್ಲಿಲ್ಲ” ಎಂದ.

“ಈಗಿಂದು ಬಿಡಿ ಸಾರ್, ಕಂಬ ಎಲ್ಲಿ ಓಡಿಹೋಗುತ್ತೆ—”

“ಈಗಿಂದಲ್ಲ. ಆವತ್ತು. ಕಾರು ತಾನೇ ನಿಂತ್ಮೇಲೆ ಹಾಕ್ದೆ. ನೀವು ನೋಡಿದ್ದು ಅದನ್ನ.”

ಅವಳು ಹಣೆಯ ಮೇಲಿನ ಕೈ ತೆಗೆದಳು. ಅವನನ್ನು ನೋಡಿದಳು, ಆಮೇಲೆ ಅವನ ಕಾಲನ್ನು ನೋಡಿದಳು. ಒಳಗೆ ಟೀಚರ್ ಯಾರಿಗೋ ಉಸಿರು ಹಿಡಿಯಬೇಡಿ ಎನ್ನುತ್ತಿದ್ದರು.

“ಎಲ್ಲಿ ನೋಡ್ತಿದ್ರಿ?”

“ಎಲ್ಲೂ ಇಲ್ಲ. ತಮ್ಮ ಒಂದು ಮಾತು ಅಂದಿದ್ದ. ಅದಕ್ಕೆ ಏನು ಉತ್ತರ ಕೊಡ್ಬೇಕು ಅಂತ ಯೋಚಿಸ್ತಿದ್ದೆ.”

“ಏನು ಮಾತು?”

ಅವನು ಹೇಳಿದ. ಬಾಯಿಂದ ಹೊರಗೆ ಬಂದಾಗ ಅದು ಎಷ್ಟು ಚಿಕ್ಕದಾಗಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. ಅವಳು ನಕ್ಕಳು ಎಂದುಕೊಂಡ, ಅದು ನಗುವಾಗಿರಲಿಲ್ಲ. “ಇಷ್ಟೇನಾ?” ಎಂದಳು. “ಇಷ್ಟಕ್ಕಾ?” ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ, ಅವನ ಮುಖದ ಹತ್ತಿರ ಹಿಡಿದಳು. ಈಗ ಅವು ಕಣ್ಣಿಗೆ ಕಾಣುವ ಹಾಗೆ ನಡುಗುತ್ತಿದ್ದವು. ಅವನು ಕ್ಷಮಿಸಿ ಎಂದ. ಆ ಮಾತು ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಎದ್ದು ಒಳಗೆ ಹೋದಳು. ಹೋಗಿಬಿಟ್ಟಳು, ಎಲ್ಲರ ಮುಂದೆ ಹೇಳುತ್ತಾಳೆ ಎಂದುಕೊಂಡ. ಅವನ ಮನಸ್ಸು ಆಗಲೇ ಹದಿಮೂರು ಮುಖಗಳನ್ನು ತನ್ನ ಕಡೆ ತಿರುಗಿಸಿ ನಿಲ್ಲಿಸುತ್ತಿತ್ತು. ಅವಳು ಮೂಲೆಯಲ್ಲಿದ್ದ ತನ್ನ ಚೀಲ ತಂದಳು. ತರಗತಿಯ ಚೀಟಿಯೊಂದನ್ನು ತೆಗೆದು ಖಾಲಿ ಬೆನ್ನು ಮೇಲೆ ಮಾಡಿ, ಪೆನ್ನಿನ ಜೊತೆ ಕೊಟ್ಟಳು. “ಬರ್ಕೊಡಿ.”

ಅವನು ಗೋಡೆಗೆ ಹಾಳೆ ಒತ್ತಿ ಬರೆದ. ಅಪಘಾತದ ಸಮಯದಲ್ಲಿ ಸಕಾಲಕ್ಕೆ ಬ್ರೇಕ್ ಬೀಳಲಿಲ್ಲ. ಅವಳು ಓದಿ ವಾಪಸು ಕೊಟ್ಟಳು. “ಬೀಳಲಿಲ್ಲ ಅಂದ್ರೇನು ಸಾರ್? ತಾನಾಗೇ ಬೀಳೋಕೆ ಅದೇನು ಹಣ್ಣಾ?” ಅವನು ಹೊಡೆದುಹಾಕಿ ಕೆಳಗೆ ಬರೆದ: ನನ್ನಿಂದ ಬ್ರೇಕ್ ಹಾಕಲು ಆಗಲಿಲ್ಲ. “ಆಗ್ಲಿಲ್ವಾ? ಕಾಲು ಕಟ್ಟಿಹಾಕಿದ್ರಾ ಯಾರಾದ್ರೂ?” ಅವಳ ದನಿ ಏರಿರಲಿಲ್ಲ. ರೋಗಿಯ ಹೆಸರನ್ನು ಎರಡನೆಯ ಸಲ ಕೇಳಿ ಬರೆದುಕೊಳ್ಳುವವರ ದನಿ. ಅವನು ಅದನ್ನೂ ಹೊಡೆದ. ಪೆನ್ನು ಗೋಡೆಯ ಉಬ್ಬಿಗೆ ಸಿಕ್ಕಿ ಹಾಳೆ ತೂತಾಯಿತು. ನಾನು, ಎಂದು ಬರೆದು ನಿಂತ. ಎಷ್ಟೋ ಅರ್ಜಿ ಬರೆದಿದ್ದಾನೆ, ಎಷ್ಟೋ ಶಿಷ್ಯರ ಫಾರಂ ತುಂಬಿದ್ದಾನೆ, ಈ ಒಂದು ಪದದ ಮುಂದೆ ಕೈ ಹೀಗೆ ಭಾರವಾಗಿದ್ದು ನೆನಪಿರಲಿಲ್ಲ. ನಾನು ಬ್ರೇಕ್ ಹಾಕಲಿಲ್ಲ. ಕಾರು ತಾನಾಗಿ ನಿಂತ ಮೇಲೆ ಹಾಕಿದೆ. ನನ್ನ ಗಮನ ರಸ್ತೆಯ ಮೇಲೆ ಇರಲಿಲ್ಲ. ಕೆಳಗೆ ಹೆಸರು, ತಾರೀಖು. ಸ್ವಲ್ಪ ಯೋಚಿಸಿ, ಕಲಿಯುತ್ತಿದ್ದವರದು ಏನೂ ತಪ್ಪಿಲ್ಲ, ಎಂದೂ ಸೇರಿಸಿದ. ಅದು ಅವಳಿಗೆ ಸಮಾಧಾನ ಕೊಟ್ಟೀತು ಎಂದಿದ್ದ. ಅವಳು ಪೆನ್ನು ಕಿತ್ತುಕೊಂಡು ಆ ಸಾಲನ್ನು ತಾನೇ ಹೊಡೆದುಹಾಕಿದಳು. “ಇದು ಬೇಡ. ನಾನೂ ಆ ಸಂದಿ ನೋಡ್ಲಿಲ್ಲ. ನಂದೆಷ್ಟೋ ಅಷ್ಟು ನಂಗಿರ್ಲಿ. ನಿಮ್ಮದನ್ನೂ ಸೇರಿಸಿ ಹೊರ್ತಿದ್ನಲ್ಲ ಇಷ್ಟು ದಿನ, ಅದು ನಿಮ್ಗೆ.”

ಆಮೇಲೆ ಅವಳು ಮತ್ತೆ ಮೆಟ್ಟಿಲ ಮೇಲೆ ಕೂತು ಆ ಮೂರು ಸಾಲನ್ನು ಓದಿದಳು. ತುಟಿ ಅಲುಗಿಸುತ್ತ ಎರಡು ಸಲ ಓದಿದಳು, ಮುಖ ಮೊಣಕಾಲಿಗೆ ಒತ್ತಿಕೊಂಡು ಅತ್ತಳು. ಅವನ ಮನಸ್ಸು ಸರ್ರನೆ ಹೊರಟಿತು: ಯಜಮಾನರು ಏನೆನ್ನುತ್ತಾರೆ, ಐವತ್ತಮೂರರ ವಯಸ್ಸಿಗೆ ಇನ್ನೆಲ್ಲಿ ಕೆಲಸ, ತಮ್ಮನಿಗೆ ತಿಳಿದರೆ, ಹೆಂಡತಿಗೆ ಯಾವ ಮಾತಿನಿಂದ ಆರಂಭಿಸುವುದು. ಹೊರಟದ್ದು ಅವನಿಗೆ ಗೊತ್ತಾಯಿತು. ಎದುರಿಗೆ ಒಬ್ಬಳು ಅಳುತ್ತಿದ್ದಳು, ಅವಳ ಬೆನ್ನು ಏರಿ ಇಳಿಯುತ್ತಿತ್ತು, ಕಾಲರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅವನು ಅದನ್ನು ನೋಡುತ್ತ ನಿಂತ. ಸಮಾಧಾನ ಹೇಳಲಿಲ್ಲ. ಹೋಗಲೂ ಇಲ್ಲ. ಕಾಲು ನೋಯುವಷ್ಟು ಹೊತ್ತು ನಿಂತ.

“ಬೈಂಡರ್ ಅವರ ಮಂಡಿ ಈಗ ಹೇಗಿದೆ?” ಎಂದು ಕೊನೆಗೆ ಕೇಳಿದ.

ಅವಳು ಮೂಗು ಒರೆಸಿಕೊಂಡಳು. “ಎಂಟು ತಿಂಗಳಾದ್ಮೇಲೆ ಕೇಳ್ತಿದೀರಿ. ನನ್ನನ್ಯಾಕೆ ಕೇಳ್ತೀರಿ? ನಾಳೆ ಹತ್ತಕ್ಕೆ ನಾನು ಹೋಗ್ತೀನಿ. ಬನ್ನಿ, ಅವರನ್ನೇ ಕೇಳಿ.”

ಭಾನುವಾರ ಅವನಿಗೆ ಆರು ಪಾಠಗಳಿದ್ದವು. ಬೀದಿಗಿಳಿದು ಯಜಮಾನರಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದ. ಯಾಕೆ ಮೇಷ್ಟ್ರೇ, ಹುಷಾರಿಲ್ವಾ, ಎಂದರು. ಹುಷಾರಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನು ಹೇಳಿದ. ಆ ಕಡೆ ಹಿಂದೆ ಯಾರೋ ಹಾರನ್ ಬಡಿಯುವುದು ಕೇಳಿಸಿತು. “ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?” “ಬರೆದು ಕೊಟ್ಟಿದೀನಿ.” “ಬರೆದು! ಅಲ್ಲ ಮೇಷ್ಟ್ರೇ, ಯಾರಾದ್ರೂ ಕೇಳಿದ್ರಾ ನಿಮ್ಮನ್ನ?” “ಇಲ್ಲ” ಎಂದ ಅವನು. “ಕಾರಿನ ಕೀ ಇವತ್ತೇ ತಂದಿಡಿ” ಎಂದು ಫೋನಿಟ್ಟರು. ಸಂಜೆ ಕೀ ಇಟ್ಟು ನಡೆದೇ ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳು ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿ ಬದಿಗಿಟ್ಟು, “ಎಂಟು ತಿಂಗಳು ನನ್ನ ಪಕ್ಕದಲ್ಲಿ ಮಲಗಿದ್ರಿ” ಎಂದಳು. ಅದಕ್ಕೆ ಉತ್ತರ ಕಟ್ಟಲು ಅವನು ಹೋಗಲಿಲ್ಲ.

ಬೈಂಡರ್ ಮನೆ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಅವಳು ಮುಂದೆ, ಅವನು ಹಿಂದೆ. ಅವಳ ಹಣೆಯ ಗಾಯ ನೀಲಿಗೆ ತಿರುಗಿತ್ತು. ಬಾಗಿಲ ಬಳಿ ನಿಂತಾಗ ಒಳಗಿನಿಂದ ಅಂಟಿನ ವಾಸನೆ ಬಂತು, ಆಮೇಲೆ ಕೋಲಿನ ಸದ್ದು, ಒಂದು ಹೆಜ್ಜೆ, ಕೋಲು, ಎಳೆದ ಹೆಜ್ಜೆ. ಪ್ರತಿ ಹೆಜ್ಜೆಯ ನಡುವಿನ ಹೊತ್ತು ಎಷ್ಟೆಂದು ಅವನಿಗೆ ಎದೆಯಲ್ಲಿ ತಿಳಿಯುತ್ತಿತ್ತು. ಬಾಗಿಲು ತೆರೆಯಿತು. ಕನ್ನಡಕವನ್ನು ಹಣೆಗೆ ಏರಿಸಿಕೊಂಡ, ಬೆರಳುಗಳ ತುದಿಯಲ್ಲಿ ಒಣಗಿದ ಅಂಟು ಹೊಪ್ಪಳೆಯೆದ್ದ ಮುದುಕ.

“ಇವರು ನಮ್ಮ ಡ್ರೈವಿಂಗ್ ಮೇಷ್ಟ್ರು” ಎಂದಳು ಅವಳು. ಅಷ್ಟು ಹೇಳಿ ಪಕ್ಕಕ್ಕೆ ಸರಿದಳು.

ಮುದುಕನ ಮುಖ ಅರಳಿತು. ಕೋಲನ್ನು ಎಡಗೈಗೆ ಬದಲಿಸಿ ಬಲಗೈಯಿಂದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಓ! ಬ್ರೇಕ್ ಹಾಕಿದೋರು! ಈ ಹುಡುಗಿ ನಿಮ್ಮ ವಿಷಯ ಎಷ್ಟು ಹೇಳಿದಾಳೆ ಗೊತ್ತಾ? ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿತ್ತು ನೋಡಿ. ಬನ್ನಿ ಬನ್ನಿ, ಒಳಗೆ ಬನ್ನಿ, ಕೂತ್ಕೊಂಡು ಮಾತಾಡೋಣ.”

ಆ ಕೈ ಬೆಚ್ಚಗಿತ್ತು, ಒರಟಾಗಿತ್ತು, ಎಳೆಯುತ್ತಿತ್ತು. ಒಳಗೆ ಬೆಳಕು ಬಿದ್ದ ಮೇಜು, ಒಂದರ ಮೇಲೊಂದು ಪೇರಿಸಿದ ಪುಸ್ತಕಗಳು, ಅವನಿಗಾಗಿಯೇ ಎಂಬಂತೆ ಹಿಂದಕ್ಕೆ ಸರಿಸಿದ ಕುರ್ಚಿ ಕಾಣುತ್ತಿದ್ದವು.

“ಇಲ್ಲ, ಮೊದಲು ಇಲ್ಲೇ ಕೇಳಿ” ಎಂದ ಅವನು, ಬಾಗಿಲ ಹೊರಗೇ ನಿಂತು.